ದೊಡ್ಡಮ್ಮನ ಎರಡು ವಯಸ್ಸು

ನಮ್ಮ ದೊಡ್ಡಮ್ಮನಿಗೆ ಎರಡು ವಯಸ್ಸು. ಒಂದು ಮೈಯದು, ಇನ್ನೊಂದು ಕಾಗದದ್ದು. ಎರಡಕ್ಕೂ ಎಂಟು ವರ್ಷದ ಅಂತರ. ಕಾಗದದ ಪ್ರಕಾರ ಅವಳ ಸ್ವಂತ ತಂಗಿ, ಅಂದರೆ ನನ್ನ ಅಮ್ಮ, ಅವಳಿಗಿಂತ ದೊಡ್ಡವಳು. "ನಿಮ್ಮಕ್ಕ ಬಂದಿದೀನಿ, ಎದ್ದು ಒಂದು ಲೋಟ ಕಾಫಿ ಕೊಡೇ" ಎಂದು ಅಮ್ಮ ಅವಳನ್ನು ರೇಗಿಸುತ್ತಿದ್ದಳು. ಆದರೆ ಹಾಗೆ ರೇಗಿಸುವ ಮೊದಲು ದೊಡ್ಡಪ್ಪ ಮನೆಯಲ್ಲಿಲ್ಲ ಎನ್ನುವುದನ್ನು ಎರಡು ಸಲ ನೋಡಿಕೊಳ್ಳುತ್ತಿದ್ದಳು.

ಇದೆಲ್ಲ ನಮ್ಮ ತಾತನ ಕೆಲಸ. ದೊಡ್ಡಮ್ಮನಿಗೆ ಇಪ್ಪತ್ತೊಂಬತ್ತಾದರೂ ಗಂಡು ಕೂಡಿಬಂದಿರಲಿಲ್ಲ. ಕೊನೆಗೆ ಪರದೇಶದಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗ ಸಿಕ್ಕಿದ. ಕುಡಿತವಿಲ್ಲ, ಜೂಜಿಲ್ಲ, ಮಾತೂ ಜಾಸ್ತಿಯಿಲ್ಲ. ಒಂದೇ ತೊಡಕು, ಅವನಿಗೆ ಇಪ್ಪತ್ತಾರು. ಹೆಣ್ಣು ನಾಲ್ಕೈದು ವರ್ಷವಾದರೂ ಚಿಕ್ಕವಳಿರಬೇಕು ಎಂದು ಅವನ ತಾಯಿ ಪಟ್ಟು ಹಿಡಿದಿದ್ದರಂತೆ. ತಾತ ಹಿಂದೆಮುಂದೆ ನೋಡದೆ "ನಮ್ಮ ಹುಡುಗಿಗೆ ಇಪ್ಪತ್ತೊಂದು" ಅಂದುಬಿಟ್ಟರು. ದೊಡ್ಡಮ್ಮ ಕುಳ್ಳಗೆ, ಕಡ್ಡಿಯ ಹಾಗೆ ಇದ್ದಳು. ನೋಡಲು ಬಂದವರು ನಂಬಿದರು. ಆಮೇಲೆ ಪರಿಚಯದ ಗುಮಾಸ್ತರನ್ನು ಹಿಡಿದು ಅದೇ ವಯಸ್ಸಿಗೆ ಪಾಸ್‌ಪೋರ್ಟೂ ಆಯಿತು. ಮಗಳನ್ನು ದಡ ಸೇರಿಸಿದೆ ಎಂದು ತಾತ ನೆಮ್ಮದಿಯಾಗಿ ಉಸಿರುಬಿಟ್ಟರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎಂದು ಅಮ್ಮ ಹೇಳುತ್ತಾಳೆ, ನಾನು ಮಾಡುತ್ತೇನೆ.

ದೊಡ್ಡಪ್ಪ ಒಂದು ದೊಡ್ಡ ಗೋದಾಮಿನಲ್ಲಿ ರಾತ್ರಿ ಕಾವಲುಗಾರ. ಮದುವೆಯಾಗಿ ಈ ದೇಶಕ್ಕೆ ಬಂದ ವರ್ಷವೇ ದೊಡ್ಡಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಗಲಿನ ಕೆಲಸ ಸಿಕ್ಕಿತು. ಒದ್ದೆ ದುಪ್ಪಟಿಯ ಎರಡು ತುದಿಯನ್ನು ಇಬ್ಬರು ಹೆಂಗಸರು ಹಿಡಿದು, ಒದರಿ, ಅಂಚು ಸುಕ್ಕಾಗದಂತೆ ಇಸ್ತ್ರಿ ಮಾಡುವ ಬಿಸಿ ಉರುಳೆಯೊಳಗೆ ಬಿಡಬೇಕು. ಬಿಟ್ಟ ಕೂಡಲೇ ಮುಂದಿನದು. ಬೆಳಗಿನಿಂದ ಸಂಜೆಯವರೆಗೆ ಆವಿ, ಸೋಪಿನ ವಾಸನೆ, ಯಂತ್ರದ ಗದ್ದಲ. ಗಂಡ ಕೆಲಸ ಮುಗಿಸಿ ಬಂದು ಬೂಟು ಬಿಚ್ಚುವ ಹೊತ್ತಿಗೆ ಹೆಂಡತಿ ಬೂಟು ಹಾಕಿಕೊಳ್ಳುತ್ತಿದ್ದಳು. ಸಂಜೆ ಇವಳು ಬಂದರೆ ಅವರು ಊಟದ ಡಬ್ಬಿ ಹಿಡಿದು ನಿಂತಿರುತ್ತಿದ್ದರು. ವಾರದ ರಜೆಯೂ ಇಬ್ಬರಿಗೆ ಬೇರೆ ಬೇರೆ ದಿನ. ಮಕ್ಕಳಾಗಲಿಲ್ಲ. ಇದ್ದ ಒಂದೇ ಕೋಣೆ, ಒಂದು ಅಡುಗೆಮನೆಯಲ್ಲಿ ಅವರ ಸಂಸಾರ ಬಾಗಿಲ ಹತ್ತಿರವೇ ನಡೆದುಹೋಯಿತು ಎನ್ನಬೇಕು.

ಹಾಗೆಂದು ಪ್ರೀತಿಗೆ ಕೊರತೆಯಿರಲಿಲ್ಲ. ಕೆಲವು ವರ್ಷಗಳ ಮೇಲೆ ನಾವೂ ಈ ಊರಿಗೇ ಬಂದು ನೆಲೆಸಿದ್ದರಿಂದ ಅದನ್ನು ನಾನೇ ನೋಡಿದ್ದೇನೆ. ದೊಡ್ಡಪ್ಪ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳೇ ಇಲ್ಲ. ತಲೆಯೆಲ್ಲ ಬೆಳ್ಳಗಾದ ಮೇಲೂ "ಏ ಹುಡುಗಿ" ಎನ್ನುತ್ತಿದ್ದರು. ಅಂಗಡಿಯಿಂದ ಬರುವಾಗ ಭಾರದ ಚೀಲವೆಲ್ಲ ಅವರ ಕೈಯಲ್ಲೇ. ನನ್ನ ಹತ್ತಿರ ಒಮ್ಮೆ ಹೇಳಿದ್ದರು: "ಆಡಿಕೊಂಡಿರೋ ವಯಸ್ಸಲ್ಲಿ ಕರ್ಕೊಂಡು ಬಂದು ಈ ಗಾಣಕ್ಕೆ ಕಟ್ಟಿಬಿಟ್ಟೆ ಕಣಮ್ಮ. ನಂಗೇ ಬುದ್ಧಿ ಇರಲಿಲ್ಲ." ಆಗ ನಾನು ಗೋಡೆ ನೋಡುತ್ತ ಕೂತಿದ್ದೆ.

ದೊಡ್ಡಪ್ಪನಿಗೆ ನಿವೃತ್ತಿಯ ವಯಸ್ಸಾಯಿತು, ಪಿಂಚಣಿ ಶುರುವಾಯಿತು. ಅದೊಂದನ್ನೇ ನಂಬಿದರೆ ಬಾಡಿಗೆಗೂ ಸಾಲದು. ಕಾಗದದ ಲೆಕ್ಕದಲ್ಲಿ ದೊಡ್ಡಮ್ಮ ಇನ್ನೂ ಐದು ವರ್ಷ ದುಡಿಯಬೇಕಿತ್ತು. ಮೈಯ ಲೆಕ್ಕದಲ್ಲಿ ಅವಳು ಗಂಡನಿಗಿಂತ ಮೂರು ವರ್ಷ ಮೊದಲೇ ಮನೆಯಲ್ಲಿ ಕೂರಬಹುದಿತ್ತು. ಮಂಡಿ ಹಿಡಿದುಕೊಂಡು ಹೋದರೆ ಡಾಕ್ಟರು, ಈ ವಯಸ್ಸಿಗೆ ಈ ಮೂಳೆ ಇರಬಾರದು ಎಂದು ಯಾವ್ಯಾವುದೋ ಪರೀಕ್ಷೆ ಬರೆದುಕೊಟ್ಟರು. ಪಾಪ, ಅವರ ತಪ್ಪಲ್ಲ. ಒಂದು ಭಾನುವಾರ ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಮೆಲ್ಲಗೆ ಕೇಳಿದಳು.

"ನಿಜವಾದ ವಯಸ್ಸು ಹೇಳಿದ್ರೆ ಆಫೀಸಿನೋರು ಒಪ್ತಾರಾ? ಒಂದಿಡೀ ಹಗಲು ಇಬ್ರೂ ಮನೇಲಿ ಕೂತಿದ್ದು ನೆನಪೇ ಇಲ್ಲ ಕಣೆ. ಅದೊಂದು ಆಸೆ ಉಳಿದುಬಿಟ್ಟಿದೆ."

ಅವಳು ಜೀವನದಲ್ಲಿ ನನ್ನನ್ನು ಕೇಳಿದ್ದು ಅದೊಂದೇ. ನಾನು ಟೊಂಕ ಕಟ್ಟಿ ನಿಂತೆ. ಊರಿನಲ್ಲಿದ್ದ ಸೋದರಮಾವನ ಬೆನ್ನು ಬಿದ್ದು ಹಳೆಯ ಶಾಲೆಯಿಂದ ಅವಳ ಹುಟ್ಟಿದ ತಾರೀಕಿನ ದಾಖಲೆ ತರಿಸಿದೆ. ಅಮ್ಮ, ನಾನೇ ತಂಗಿ ಎಂದು ಬರೆದು ಸಹಿ ಮಾಡಿಕೊಟ್ಟಳು. ಎಲ್ಲವನ್ನೂ ಇಲ್ಲಿಯ ಭಾಷೆಗೆ ಅನುವಾದ ಮಾಡಿಸಿ, ಮುದ್ರೆ ಹಾಕಿಸಿ, ದೊಡ್ಡಮ್ಮನನ್ನು ಪಿಂಚಣಿ ಕಚೇರಿಗೆ ಕರೆದುಕೊಂಡು ಹೋದೆ.

ಕಚೇರಿಗಳೆಂದರೆ ನನಗೆ ಮೈ ಉರಿಯುತ್ತದೆ. ಟೋಕನ್ ಹಿಡಿದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದು, ನಮ್ಮ ನಂಬರು ಬರುವಷ್ಟರಲ್ಲಿ ಅವರ ಊಟದ ಹೊತ್ತಾಗುವುದು. ಆದರೆ ಆವತ್ತು ಗಾಜಿನ ಹಿಂದೆ ಇದ್ದ ಹೆಂಗಸು ಒಳ್ಳೆಯವಳು. ಕಾಗದಗಳನ್ನು ತಾಳ್ಮೆಯಿಂದ ನೋಡಿದಳು. ನಿಮ್ಮಂತೆ ಎರಡು ಜನ್ಮದಿನ ಇರುವವರು ತಿಂಗಳಿಗೊಬ್ಬರಾದರೂ ಬರುತ್ತಾರೆ ಎಂದು ನಕ್ಕಳು. ನಾನು ಗೆದ್ದೆ ಅಂದುಕೊಂಡೆ. ಆಗ ಅವಳು ಇನ್ನೊಂದು ಹಾಳೆ ಮುಂದೆ ತಳ್ಳಿದಳು. ಹೆಂಡತಿಯ ವಯಸ್ಸು ತಿದ್ದಿದರೆ ಗಂಡನ ಪಿಂಚಣಿಯ ಲೆಕ್ಕವನ್ನೂ ತಿದ್ದಬೇಕು, ಆದ್ದರಿಂದ ಅವರೂ ಬಂದು ಸಹಿ ಮಾಡಬೇಕು ಎಂದಳು.

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ದೊಡ್ಡಮ್ಮ ಕಾಗದಗಳನ್ನು ಬಾಚಿ ಚೀಲಕ್ಕೆ ತುಂಬಿಕೊಂಡಳು. "ಏಳು, ಹೋಗೋಣ" ಅಂದಳು.

ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ಜಗಳವಾಡಿದೆವು. ಜಗಳ ಆಡಿದ್ದು ನಾನು, ಅವಳು ಚೀಲ ತಬ್ಬಿಕೊಂಡು ಕೂತಿದ್ದಳು.

"ಗೊತ್ತಾದ್ರೆ ಏನಾಗುತ್ತೆ ದೊಡ್ಡಮ್ಮ? ಈ ವಯಸ್ಸಲ್ಲಿ ನಿನ್ನನ್ನ ತವರಿಗೆ ಕಳಿಸ್ತಾರಾ?"

"ಕಳಿಸಲ್ಲ. ಬಯ್ಯೋದೂ ಇಲ್ಲ."

"ಮತ್ತೆ?"

"ಚಿಕ್ಕ ಹುಡುಗಿ ಅಂತ ಅವರು ಇಷ್ಟು ವರ್ಷ ಕನಿಕರಪಟ್ರು. ನನ್ನ ಪಾಲಿನ ಚೀಲನೂ ಹೊತ್ರು. ಅದನ್ನೆಲ್ಲ ನಾನು ಮೋಸ ಮಾಡಿ ಇಸ್ಕೊಂಡೆ ಅಂತ ಆಗುತ್ತೆ. ಅದಕ್ಕಿಂತ ಆ ಉರುಳೆನೇ ವಾಸಿ."

"ನಾನೇ ಹೇಳ್ತೀನಿ ಬಿಡು."

ಅವಳು ನನ್ನ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿಕೊಂಡಳು. ನಾನು ದೇವರಿಗೆ ಹೆದರುವವಳಲ್ಲ. ಅವಳ ಮುಖ ನೋಡಿ ಹೆದರಿದೆ. ಬಸ್ಸಿನಲ್ಲಿ ಇಬ್ಬರೂ ಮುಖ ಊದಿಸಿಕೊಂಡು ಬೇರೆ ಬೇರೆ ಸೀಟಿನಲ್ಲಿ ಕೂತು ಬಂದೆವು.

ದೊಡ್ಡಮ್ಮ ಕೆಲಸಕ್ಕೆ ಹೋಗುತ್ತಲೇ ಇದ್ದಳು. ದೊಡ್ಡಪ್ಪ ಅಡುಗೆ ಕಲಿತರು. ಅನ್ನ ಒಂದು ದಿನ ಮುದ್ದೆ, ಒಂದು ದಿನ ಅಕ್ಕಿ. ಅವಳು ಹೊಗಳಿಕೊಂಡು ತಿನ್ನುತ್ತಿದ್ದಳು. ದುಪ್ಪಟಿ ಎತ್ತಲು ಭುಜ ಏಳದಾದಾಗ ಜೊತೆಯ ಹೆಂಗಸು ಅವಳ ತುದಿಯನ್ನೂ ತಾನೇ ಎತ್ತಿಕೊಡುತ್ತಿದ್ದಳಂತೆ. ಮೇಲ್ವಿಚಾರಕ ಮಾತ್ರ, ನಿನಗಿಂತ ದೊಡ್ಡವರು ಚುರುಕಾಗಿದ್ದಾರೆ ಎಂದು ಕುಟುಕುತ್ತಿದ್ದ. "ವಯಸ್ಸಲ್ಲಿ ನಾನು ಅವನಮ್ಮನ ಸಮ" ಎಂದು ದೊಡ್ಡಮ್ಮ ನಮ್ಮ ಮನೆಗೆ ಬಂದಾಗ ನಗುತ್ತಿದ್ದಳು. ನಗುವಾಗಲೂ ಒಂದು ಕೈ ಭುಜದ ಮೇಲೇ ಇರುತ್ತಿತ್ತು. ಇನ್ನು ಇಷ್ಟೇ, ಇನ್ನು ಇಷ್ಟೇ ಎಂದು ವರ್ಷಗಳನ್ನು ತಳ್ಳಿದಳು.

ನಾಲ್ಕನೆಯ ವರ್ಷ, ಒಂದು ಮಧ್ಯಾಹ್ನ ದೊಡ್ಡಪ್ಪ ಹೋಗಿಬಿಟ್ಟರು. ಎದೆನೋವು ಬಂದಿರಬೇಕು. ಒಲೆಯ ಮೇಲಿನ ಪಾತ್ರೆ ಸೀದ ವಾಸನೆಗೆ ಪಕ್ಕದ ಮನೆಯವರು ಬಾಗಿಲು ತೆಗೆಸಿದರು. ಉರುಳೆಯ ಗದ್ದಲದಲ್ಲಿ ದೊಡ್ಡಮ್ಮನಿಗೆ ಕರೆದದ್ದು ಕೇಳಿಸಲಿಲ್ಲವಂತೆ. ಮೇಲ್ವಿಚಾರಕನೇ ಬಂದು ಯಂತ್ರ ನಿಲ್ಲಿಸಿದನಂತೆ. ಯಾರೂ ಹತ್ತಿರವಿಲ್ಲದೆ, ನೀರು ಕೊಡುವವರಿಲ್ಲದೆ ಅವರು ಹೋದರು.

ವಿಧವೆಯ ಪಿಂಚಣಿಗೆಂದು ಮತ್ತೆ ಅದೇ ಕಚೇರಿಗೆ ಹೋದೆವು. ಗಾಜಿನ ಹಿಂದೆ ಈ ಸಲ ಒಬ್ಬ ಗಂಡಸು. ವಯಸ್ಸು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ತನ್ನ ಹರಕುಮುರುಕು ಭಾಷೆಯಲ್ಲಿ ನಿಜವಾದ ವಯಸ್ಸನ್ನು ಜೋರಾಗಿ ಹೇಳಿದಳು. ಅಕ್ಕಪಕ್ಕದವರು ತಿರುಗಿ ನೋಡಿದರು. ಚೀಲದಿಂದ ಆ ಹಳೆಯ ಕಾಗದಗಳನ್ನೆಲ್ಲ ತೆಗೆದು ಅವನ ಮುಂದಿಟ್ಟಳು. ಸಹಿ ಮಾಡಬೇಕಾದ ಗಂಡ ಈಗ ಇರಲಿಲ್ಲವಾದ್ದರಿಂದ ತಿದ್ದುಪಡಿಗೆ ಏನೂ ಅಡ್ಡಿಯಾಗಲಿಲ್ಲ.

ಕೆಲವು ವಾರಗಳ ಮೇಲೆ ಕರೆಸಿದರು. ಎಲ್ಲ ಮಂಜೂರಾಗಿದೆ, ನಾಳೆಯಿಂದ ಕೆಲಸಕ್ಕೆ ಹೋಗಬೇಕಾಗಿಲ್ಲ ಎಂದು ಆತ ಸಂತೋಷದಿಂದಲೇ ಹೇಳಿದ. ಆಮೇಲೆ ಪರದೆ ನೋಡುತ್ತ, ಇವರು ಗಂಡನಿಗಿಂತ ಮೂರು ವರ್ಷ ಮೊದಲೇ ನಿವೃತ್ತರಾಗಬಹುದಿತ್ತಲ್ಲ, ಯಾಕೆ ಕೇಳಲಿಲ್ಲ ಎಂದ. ಹಿಂದಿನ ಬಾಕಿ ಮಾತ್ರ ಸಿಗುವುದಿಲ್ಲ ಎಂದೂ ಸೇರಿಸಿದ.

"ಏನಂತೆ?" ಎಂದು ದೊಡ್ಡಮ್ಮ ಕೇಳಿದಳು. ಮಂಜೂರಾಯಿತಂತೆ ಎಂದಷ್ಟೇ ಹೇಳಿದೆ. ಅವಳು ತಲೆಯಾಡಿಸಿದಳು. ಅವನು ಹೇಳಿದ್ದೆಲ್ಲ ಅವಳಿಗೂ ಅರ್ಥವಾಗಿತ್ತು ಎಂದೇ ನನಗೆ ಅನಿಸುತ್ತದೆ.

ನಿವೃತ್ತಿಯ ಮೊದಲನೆಯ ದಿನ, ಹನ್ನೊಂದು ಗಂಟೆ ಇರಬಹುದು, ಅವಳ ಫೋನ್ ಬಂತು. ಊಟ ಆಯಿತಾ, ತಿಂಡಿ ಏನು ಎಂದೆಲ್ಲ ಕೇಳಿದಳು. ಆಮೇಲೆ ಮಾತು ಬದಲಿಸಿದಳು.

"ನೀನು ಹಗಲು ಹೊತ್ತು ಆಗಾಗ ಇಲ್ಲಿಗೆ ಬರ್ತಿದ್ದೆ ಅಲ್ವಾ? ಈ ಮನೇಲಿ ಹಗಲೆಲ್ಲ ಏನ್ಮಾಡ್ತಿದ್ರೇ ಅವರು?"

ನನಗೆ ಗೊತ್ತಿತ್ತು. ಊಟವಾದ ಕೂಡಲೇ ಕಿಟಕಿಗೆ ಕುರ್ಚಿ ಎಳೆದುಕೊಂಡು ಬಸ್ಸು ಬರುವ ಬೀದಿಯನ್ನೇ ನೋಡುತ್ತ ಕೂರುತ್ತಿದ್ದರು. ಸಂಜೆಗೆ ಇನ್ನೂ ಬಹಳ ಹೊತ್ತಿದೆಯಲ್ಲ ದೊಡ್ಡಪ್ಪ ಅಂದರೆ, ಇರಲಿ ಬಿಡಮ್ಮ ಅನ್ನುತ್ತಿದ್ದರು.

"ಟಿವಿ ನೋಡ್ತಿದ್ರು ದೊಡ್ಡಮ್ಮ" ಅಂದೆ. "ನೋಡ್ತಾ ಹಾಗೇ ನಿದ್ದೆ ಮಾಡ್ಬಿಡ್ತಿದ್ರು."