ಗಾಳಿಯಕ್ಕ ಮತ್ತು ಕೆಂಪು ಸಿಲಿಂಡರ್

ಊರಾಚೆಯ ಪೇಂಟ್‌ಬಾಲ್ ಮೈದಾನಕ್ಕೆ ಬರುವವರೆಲ್ಲ ಅವಳನ್ನು ಗಾಳಿಯಕ್ಕ ಎಂದೇ ಕರೆಯುತ್ತಿದ್ದರು. ಬಣ್ಣದ ಗುಂಡು ಹಾರಿಸುವ ಆ ಬಂದೂಕುಗಳಿಗೆ ಜೀವ ಬರುವುದು ಹಿಂಬದಿಗೆ ತಿರುಗಿಸಿ ಕೂರಿಸುವ ಪುಟ್ಟ ಸಿಲಿಂಡರಿನ ಗಾಳಿಯಿಂದ. ಅದನ್ನು ತುಂಬುವುದು ಅವಳ ಕೆಲಸ. ಮೈದಾನ ತಮ್ಮನದು. ಗಂಡ ತೀರಿಕೊಂಡ ಮೇಲೆ, "ಮನೇಲಿ ಗೋಡೆ ನೋಡ್ತಾ ಕೂತು ಏನ್ ಮಾಡ್ತೀಯ, ನನ್ನ ಜೊತೆ ಬಾ" ಎಂದು ಕರೆತಂದು ಕಂಪ್ರೆಸರ್ ಕೋಣೆಯಲ್ಲಿ ಕೂರಿಸಿದ್ದ.

ಬಲೂನು ಊದುವವರನ್ನು ಕಂಡರೂ ಎರಡು ಹೆಜ್ಜೆ ಹಿಂದೆ ಸರಿಯುವ ಜೀವ ಅದು. ಕಾರಿನ ಚಕ್ರದ ನೂರು ಪಟ್ಟು ಒತ್ತಡವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೇನೆ ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಗಾಳಿ ತುಂಬುತ್ತಿರುವಾಗ ಒಂದು ಕಪ್ಪು ಸಿಲಿಂಡರ್ 'ಟಿಕ್' ಎಂದಿತು. ಮತ್ತೆ 'ಟಿಕ್'. ಗಾಳಿಯ ನಲ್ಲಿ ಮುಚ್ಚಿದವಳೇ ಚಪ್ಪಲಿಯನ್ನೂ ಬಿಟ್ಟು ಅಂಗಳಕ್ಕೆ ಓಡಿದಳು. ಎಷ್ಟು ಹೊತ್ತಾದರೂ ಏನೂ ಆಗದಿದ್ದಾಗ ಮೆಲ್ಲಗೆ ಒಳಗೆ ಬಂದು ಅದರ ಬಟ್ಟೆಯ ಕವಚ ತೆಗೆದಳು. ಮೈಗೆ ಸುತ್ತಿದ್ದ ಕಪ್ಪು ನಾರು ಹಳೇ ಹಗ್ಗದ ಹಾಗೆ ಬಿಚ್ಚಿಕೊಂಡಿತ್ತು. ಮೈಮೇಲೆ ಅಂಟಿಸಿದ್ದ ಚೀಟಿಯ ಪ್ರಕಾರ ಪರೀಕ್ಷೆಯ ಅವಧಿ ಎಂದೋ ಮುಗಿದಿತ್ತು. ಉಳಿದವುಗಳನ್ನೂ ತಿರುವಿ ನೋಡಿದಳು. ಅವುಗಳ ಅವಧಿಯೂ ಮುಗಿದಿತ್ತು.

ತಮ್ಮ ನಕ್ಕುಬಿಟ್ಟ. "ಡೇಟ್ ಮುಗಿದ್ರೆ ಕೆಟ್ಟುಹೋಗೋಕೆ ಅದೇನು ಹಾಲಾ?"

"ಹಾಗಾದ್ರೆ ನೀನೇ ತುಂಬು. ನಾನು ಹೊರಗೆ ನಿಂತಿರ್ತೀನಿ."

ಅವನು ಪೈಪು ಕೈಗೆತ್ತಿಕೊಂಡ. ಬಿಚ್ಚಿಕೊಂಡ ನಾರನ್ನು ನೋಡಿದ. ಪೈಪು ಕೆಳಗಿಟ್ಟು ವ್ಯಾನಿನ ಬೀಗದಕೈ ಹುಡುಕತೊಡಗಿದ.

ಎಲ್ಲ ಸಿಲಿಂಡರುಗಳನ್ನೂ ಖಾಲಿ ಮಾಡಿದರು. ಟಿಕ್ ಅಂದದ್ದು ಮಾತ್ರ ಖಾಲಿಯಾಗಲು ಒಪ್ಪಲಿಲ್ಲ. ಅದರ ಕವಾಟ ಕಚ್ಚಿಕೊಂಡಿತ್ತು, ಒತ್ತಡ ತೋರಿಸುವ ಮುಳ್ಳು ಇಳಿಯಲೇ ಇಲ್ಲ. ಅದನ್ನು ಕಂಬಳಿಯಲ್ಲಿ ಸುತ್ತಿ, ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ತಂದು ವ್ಯಾನಿನ ಹಿಂಭಾಗದಲ್ಲಿ ಮಲಗಿಸಿದರು. ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ಅವಳು ಕಣ್ಣು ಮುಚ್ಚಿ ಸೀಟಿನ ಅಂಚು ಹಿಡಿದುಕೊಳ್ಳುತ್ತಿದ್ದಳು.

"ಇಷ್ಟು ದಿನ ತೊಡೆ ಮೇಲಿಟ್ಕೊಂಡಿದ್ದೆ. ಈಗ ಅಲ್ಲಿ ಹಿಂದೆ ಇದ್ರೆ ಭಯಾನಾ?"

"ಆಗ ಗೊತ್ತಿರ್ಲಿಲ್ಲ ಕಣೋ. ನೀನು ರಸ್ತೆ ನೋಡು."

ಪರೀಕ್ಷೆ ಮಾಡುವ ಜಾಗ ಒಂದು ಉದ್ದನೆಯ ಶೆಡ್ಡು. ನೆಲವೆಲ್ಲ ಒದ್ದೆ. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡಿದ್ದ ದಪ್ಪನೆಯ ಹೆಂಗಸೊಬ್ಬಳು ಅಲ್ಲಿನ ಪರೀಕ್ಷಕಿ. ಕಂಬಳಿಯ ಗಂಟನ್ನು ಅವಳೇ ಕಾಂಕ್ರೀಟ್ ಗೋಡೆಯ ಆಚೆಗೆ ಒಯ್ದಳು. ಒಂದಿಷ್ಟು ಹೊತ್ತು ಸದ್ದಿಲ್ಲ. ಆಮೇಲೆ ಗಾಳಿ ಹೊರನುಗ್ಗುವ, ಕಿವಿ ಸೀಳುವಂಥ ಸುಯ್ಯೆಂಬ ಸದ್ದು, ನಿಲ್ಲುವುದೇ ಇಲ್ಲವೇನೋ ಎಂಬಂತೆ. ಅಕ್ಕ ತಮ್ಮನ ತೋಳು ಹಿಡಿದಿದ್ದಳು. ಅವನ ತೋಳೂ ಬೆವೆತಿತ್ತು.

"ಇದರ ಆಯಸ್ಸು ಮುಗೀತು" ಎಂದು ಪರೀಕ್ಷಕಿ ಅದರ ಮೇಲೆ ಅಡ್ಡಗೆರೆ ಎಳೆದು ಮೂಲೆಗೆ ಎಸೆದಳು.

ಉಳಿದವುಗಳ ಒಳಗೆ ದೀಪ ಇಳಿಸಿ ನೋಡಿ, ನೀರು ತುಂಬಿಸಿ, ನೀರಿದ್ದ ಉಕ್ಕಿನ ಕೊಳವೆಯೊಳಕ್ಕೆ ಒಂದೊಂದಾಗಿ ಇಳಿಸಿದಳು.

"ನೀರ್ಯಾಕೆ?" ಅಕ್ಕ ಕೇಳಿದಳು.

"ಗಾಳಿ ತುಂಬಿ ಒಡೆದ್ರೆ ನಾನು, ನೀವು, ಈ ಶೆಡ್ಡು ಒಂದೂ ಇರಲ್ಲ. ನೀರು ಹಾಗೆ ಸಿಡಿಯಲ್ಲ. ಒತ್ತಡ ಕೊಟ್ಟಾಗ ಸಿಲಿಂಡರ್ ಸ್ವಲ್ಪ ಉಬ್ಬುತ್ತೆ, ಬಿಟ್ಟಾಗ ಮೊದಲಿನ ಅಳತೆಗೆ ಬರ್ಬೇಕು. ಬರದಿದ್ರೆ ನಾಪಾಸು."

ಒಂದರ ಹಿಂದೊಂದು ಪಾಸಾದವು. ಅಕ್ಕನ ಉಸಿರು ಹದಕ್ಕೆ ಬಂತು. ಕೊನೆಗೆ ಉಳಿದದ್ದು ತಮ್ಮನ ಮಗಳ ಅಲ್ಯೂಮಿನಿಯಂ ಸಿಲಿಂಡರ್. ಹೊಚ್ಚ ಹೊಸದರಂತೆ ಕೆಂಪಗೆ ಫಳಫಳ ಹೊಳೆಯುತ್ತಿತ್ತು. ಪರೀಕ್ಷಕಿ ಕನ್ನಡಕ ಏರಿಸಿಕೊಂಡಳು.

"ಇದು ಕಂಪನಿ ಬಣ್ಣ ಅಲ್ಲ."

"ಮಗಳಿಗೆ ಕೆಂಪು ಇಷ್ಟ ಅಂತ ನಾನೇ ಮಾಡಿಸ್ದೆ," ತಮ್ಮ ಹೆಮ್ಮೆಯಿಂದ ಹೇಳಿದ.

"ಒಣಗಿಸಿದ್ದು ಹೇಗೆ?"

"ಕಾರಿಗೆ ಬಣ್ಣ ಹೊಡೆಯೋರ ಹತ್ರ. ಬಿಸಿ ಒಲೇಲಿಟ್ಟು."

ಪರೀಕ್ಷಕಿ ಅದನ್ನು ಪಕ್ಕಕ್ಕಿಟ್ಟಳು. "ಬೆಂಕಿ ಕಂಡ ಅಲ್ಯೂಮಿನಿಯಂ ಮೆತ್ತಗಾಗುತ್ತೆ. ಇದನ್ನ ವಾಪಸ್ ಕೊಡಲ್ಲ."

"ಇಷ್ಟು ಚೆನ್ನಾಗಿದೆಯಲ್ಲ. ಒಂದ್ಸಲ ನೋಡಿ."

"ನೋಡು ಅಂದ್ರೆ ನೋಡ್ತೀನಿ. ಪಾಸಾದ್ರೂ ಕೊಡಲ್ಲ, ಹೇಳಿದೀನಿ."

ಅದನ್ನು ಕೊಳವೆಗೆ ಇಳಿಸಿ, ಇಬ್ಬರನ್ನೂ ಗೋಡೆಯ ಈಚೆಗೆ ಕಳಿಸಿ, ಒತ್ತಡ ಏರಿಸಿದಳು. ದಪ್ಪ ಗಾಜಿನ ಕಿಂಡಿಯಲ್ಲಿ ಮುಳ್ಳು ಕಾಣುತ್ತಿತ್ತು. ಅಕ್ಕ ದಿನಾ ಗಾಳಿ ತುಂಬಿ ನಿಲ್ಲಿಸುವ ಗೆರೆ ದಾಟಿ ಅದು ಕೂದಲೆಳೆಯಷ್ಟು ಮುಂದೆ ಹೋಗಿರಬೇಕು. 'ಧಪ್' ಎಂಬ ಸದ್ದು ಕಿವಿಗಿಂತ ಮೊದಲು ಹಿಮ್ಮಡಿಗೆ ತಾಗಿತು. ಕೊಳವೆಯ ಬಾಯಿಂದ ನೀರು ಉಕ್ಕಿ ನೆಲದ ಮೇಲೆ ಹರಿಯಿತು.

ಹೊರಗೆ ತೆಗೆದಾಗ ಕೆಂಪು ಸಿಲಿಂಡರಿನ ಹೊಟ್ಟೆ ಉದ್ದಕ್ಕೂ ಸೀಳಿತ್ತು. ಅಂಚು ಬ್ಲೇಡಿನಂತಿತ್ತು. ತಮ್ಮ ತನ್ನ ಬಲಗೆನ್ನೆಗೆ ಕೈಯಿಟ್ಟುಕೊಂಡ.

"ಗುರಿ ಇಡುವಾಗ ಮಗಳ ಮುಖ ಇದರ ಪಕ್ಕಾನೇ ಇರುತ್ತೆ ಕಣೇ. ಮೊನ್ನೆ ಭಾನುವಾರಾನೂ..."

ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಆ ಭಾನುವಾರ ಅದಕ್ಕೆ ಗಾಳಿ ತುಂಬಿ, "ತಗೋ ನಿನ್ನ ಮೆಣಸಿನಕಾಯಿ" ಎಂದು ಮಗುವಿನ ಕೈಗೆ ಕೊಟ್ಟವಳು ಅಕ್ಕನೇ. ಆದರೂ ವ್ಯಾನು ಓಡಿಸಿಕೊಂಡು ಬಂದವಳು ಅವಳೇ. ತಮ್ಮ ಬೀಗದಕೈಯನ್ನು ಅವಳ ಕೈಗೆ ಕೊಟ್ಟು ಪಕ್ಕದ ಸೀಟಿನಲ್ಲಿ ಕೂತಿದ್ದ.

ಮನೆ ಬಾಗಿಲಲ್ಲೇ ಹುಡುಗಿ ಕಾದಿದ್ದಳು. ಅಪ್ಪ ಅವಳ ಮುಖ ನೋಡದೆ ನೇರ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ.

"ಅತ್ತೆ, ನನ್ನ ಕೆಂಪು ಸಿಲಿಂಡರ್ ಎಲ್ಲಿ?"

"ನಾಪಾಸಾಯ್ತು."

"ನನ್ನ ಹಾಗೆ ಲೆಕ್ಕದಲ್ಲಾ?"

"ಹೂಂ, ಲೆಕ್ಕದಲ್ಲೇ" ಎಂದು ಅತ್ತೆ ಅವಳನ್ನು ಬಾಚಿ ತಬ್ಬಿಕೊಂಡಳು. ಹುಡುಗಿ ಉಸಿರು ಕಟ್ಟಿ ಕೊಸರಾಡಿದಳು.

ಒಂದು ವಾರ ಗಾಳಿಯಕ್ಕನಿಗೆ ಕಂಪ್ರೆಸರ್ ಕೋಣೆಯ ಹೊಸ್ತಿಲು ದಾಟಲಾಗಲಿಲ್ಲ. ತಮ್ಮ ದಪ್ಪ ಉಕ್ಕಿನ ಪೆಟ್ಟಿಗೆ ಮಾಡಿಸಿದ; ಈಗ ಸಿಲಿಂಡರನ್ನು ಅದರೊಳಗಿಟ್ಟು ಬಾಗಿಲು ಮುಚ್ಚಿಯೇ ಗಾಳಿ ತುಂಬುತ್ತಾರೆ. ಅವಧಿ ಮೀರಿದ್ದು ತಂದವರು ಎಷ್ಟು ಗೋಗರೆದರೂ ಅವಳು ತುಂಬುವುದಿಲ್ಲ. ಹೆದರಿಕೆಯೇನೂ ಹೋಗಿಲ್ಲ. ಪ್ರತಿ ಸಲವೂ ಅಂಗೈ ಬೆವರುತ್ತದೆ, ಸೆರಗಿಗೆ ಒರೆಸಿಕೊಳ್ಳುತ್ತಾಳೆ, ನಲ್ಲಿ ತಿರುಗಿಸುತ್ತಾಳೆ, ಮುಳ್ಳು ಗೆರೆಗೆ ಬಂದು ನಿಲ್ಲುವ ತನಕ ಉಸಿರಾಡುವುದಿಲ್ಲ.