ಹಲಸೂರಿನ ಬೃಂದಾ ಬಾಯಿ ತೆರೆದದ್ದು

ಹಲಸೂರಿನ ಚರ್ಚ್ ಹಾಲ್ ಗುಡಿಸುತ್ತಿದ್ದ ಮುನಿವೆಂಕಟಮ್ಮನ ಮಗಳು ಬೃಂದಾ ಪಿಯಾನೋ ಕಲಿತದ್ದು ಆ ಹಾಲಿನ ಮುದಿ ಪಿಯಾನೋ ಮೇಲೆ. ಅದರ ನಟ್ಟನಡುವಿನ ಮೂರು ಕೀಗಳು ಎಷ್ಟು ಒತ್ತಿದರೂ ಉಸಿರೆತ್ತುತ್ತಿರಲಿಲ್ಲ. ಒಂದು ಕಾಲಕ್ಕೆ ಕಂಟೋನ್ಮೆಂಟಿನ ಕ್ಲಬ್ಬುಗಳಲ್ಲಿ ಜಾಝ್ ನುಡಿಸಿದ್ದ ಗುಲ್ಷನ್ ಮೇಡಂ ಅಲ್ಲಿ ಪಾಠ ಹೇಳುತ್ತಿದ್ದರು. ರಿಪೇರಿ ಮಾಡಿಸಿ ಎಂದು ಚರ್ಚಿನವರನ್ನು ಕೇಳಿ ಕೇಳಿ ಸಾಕಾಗಿ, "ಬರದೇ ಇರೋದನ್ನ ಬಾಯಲ್ಲಿ ತುಂಬಿಸ್ಕೋ, ಬೇಟಿ" ಎಂದುಬಿಟ್ಟರು. ಬೃಂದಾ ಹತ್ತು ವರ್ಷ ಹಾಗೇ ಮಾಡಿದಳು. ಕೈ ಬಿಟ್ಟ ಸ್ವರವನ್ನು ಗಂಟಲು ಹಿಡಿಯುತ್ತಿತ್ತು. ಹಿಡಿದ ಮೇಲೆ ಬಿಡದೆ ಇಡೀ ಸಾಲು ಹಾಡಿಬಿಡುತ್ತಿತ್ತು. ಯಾರೂ ಕಲಿಸದೆ ಹಾಡುಗಾರ್ತಿಯೂ ಆದಳು.

೧೯೯೬ರಲ್ಲಿ ಎಂ.ಜಿ. ರಸ್ತೆ ಕಡೆಯ ಹೋಟೆಲೊಂದು ಸಂಜೆ ಹೊತ್ತು ಜಾಝ್ ನುಡಿಸುವವರನ್ನು ಹುಡುಕುತ್ತಿತ್ತು. ಬೃಂದಾಗೆ ಆ ಕುರ್ಚಿ ಬೇಕೇ ಬೇಕಿತ್ತು. ಮನೆಮನೆಗೆ ಹೋಗಿ ಮಕ್ಕಳಿಗೆ ಪಾಠ ಹೇಳಿ ಮುದುಕಿಯಾಗಲು ಅವಳು ತಯಾರಿರಲಿಲ್ಲ. ಮ್ಯಾನೇಜರ್ ವಾಜಿದ್ ಎದುರು ಹೊಸ ಪಿಯಾನೋಗೆ ಕೂತಳು. ಅದರ ಎಲ್ಲ ಕೀಗಳಿಗೂ ಜೀವ ಇತ್ತು. ಆದರೂ ಹಾಳು ಬೆರಳುಗಳು ಆ ಮೂರನ್ನು ಹಾರಿಸಿದವು, ಬಾಯಿ ತಾನಾಗಿ ಹಾಡಿತು.

"ನಮಗೆ ಬೇಕಾಗಿರೋದು ನುಡಿಸೋರು, ಮೇಡಂ," ಎಂದರು ವಾಜಿದ್. "ನೀವು ಹಾಡ್ತಾ ಕೂತ್ರೆ ಗೆಸ್ಟ್‌ಗಳು ಮಾತಾಡೋದು ಹೇಗೆ? ಅದೂ ಅಲ್ದೆ ಎಷ್ಟೊಂದು ನೋಟ್ಸ್ ಬಿಟ್ಬಿಟ್ರಿ."

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವಲ್ಲ, ಕಲಿತ ಚಾಳಿ. ಬಿಡಿಸಿಯೇ ತೀರುತ್ತೇನೆ ಎಂದು ಬೃಂದಾ ಹಟ ಹಿಡಿದಳು. ಚರ್ಚ್ ಹಾಲಿನ ಹಳೇ ಪಿಯಾನೋಗೆ ಕೂತು, ಬಾಯಿ ತುಂಬ ನೀರು ಹಿಡಿದು, ಸದ್ದು ಬರದಿದ್ದರೂ ಆ ಮೂರು ಕೀಗಳನ್ನು ಒತ್ತೊತ್ತಿ ನುಡಿಸಿದಳು. ಬಾಯಿ ತೆರೆದರೆ ಮೈಯೆಲ್ಲ ಒದ್ದೆ. ಮೊದಲ ತಿಂಗಳು ದಿನಕ್ಕೆರಡು ಬಟ್ಟೆ ಬದಲಾಯಿಸಿದ್ದಾಯಿತು. ವರ್ಷ ತುಂಬುವಷ್ಟರಲ್ಲಿ ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಮತ್ತೆ ಹೋಟೆಲಿಗೆ ಹೋಗಿ ನುಡಿಸಿ ತೋರಿಸಿದಳು, ವಾಜಿದ್ ಕೆಲಸ ಕೊಟ್ಟರು.

ಎರಡು ವರ್ಷ ತುಟಿ ಬಿಚ್ಚದೆ ನುಡಿಸಿದಳು. ಒಂದು ಭಾನುವಾರ ಚರ್ಚ್ ಹಾಲಿನಲ್ಲಿ ಅಮ್ಮ, "ಒಂದ್ ಹಾಡ್ ಹೇಳೇ, ಕೇಳಿ ಎಷ್ಟ್ ದಿನ ಆಯ್ತು" ಎಂದಳು. ಕೈ ನಡೆಯಿತು, ಬಾಯಿ ಮಾತ್ರ ಬಿಗಿದುಕೊಂಡೇ ಇತ್ತು. ಬೃಂದಾಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಒಂದು ಕುರ್ಚಿಗೋಸ್ಕರ ಗಂಟಲನ್ನೇ ಒತ್ತೆ ಇಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಮರುದಿನ ಬೆಳಿಗ್ಗೆ ಆರಕ್ಕೆಲ್ಲ ಹಾಲಿಗೆ ಹೋಗಿ ಪಾಠವನ್ನು ಮೊದಲಿನಿಂದ ಶುರು ಮಾಡಿದಳು. ಕೈಯೂ ನಡೆಯಬೇಕು, ಬಾಯಿಯೂ ಹಾಡಬೇಕು. ಏಳು ತಿಂಗಳು ಹಿಡಿಯಿತು.

ಆಮೇಲೊಂದು ಶನಿವಾರ ಸಂಜೆ, ಹೋಟೆಲ್ ತುಂಬಿದ್ದಾಗ, ಬೃಂದಾ ಹಾಡಿದಳು. ಊಟ ಮಾಡುತ್ತಿದ್ದವರು ತಲೆಯೆತ್ತಿದರು. ವಾಜಿದ್ ದಡಬಡನೆ ಬಂದು ಬಗ್ಗಿ, "ಏನ್ಮಾಡ್ತಿದ್ದೀರಿ ಮೇಡಂ? ಕೆಲ್ಸದಿಂದ ತೆಗೀಬೇಕಾಗುತ್ತೆ" ಎಂದರು.

"ತೆಗೀರಿ ಸರ್. ಹಾಡು ಮುಗೀಲಿ."

ವಾಜಿದ್ ಕೈಕಟ್ಟಿ ಕಾದರು. ಹಾಡಿನ ಕೊನೆಯ ಸ್ವರ ಆರುವ ಮೊದಲೇ ಬೃಂದಾ ಮುಂದಿನದನ್ನು ಎತ್ತಿಕೊಂಡಳು, ಅದರ ಬೆನ್ನಿಗೇ ಇನ್ನೊಂದು. ತೆಗೆದಿದ್ದೇನೆ ಎಂದು ಹೇಳಲು ಅವರಿಗೆ ಸಂದೇ ಸಿಗಲಿಲ್ಲ. ಹಾಗೆ ಸಂದು ಕೊಡದೆ ಅಲ್ಲಿ ಒಂಬತ್ತು ವರ್ಷ ಹಾಡಿದಳು.