ದ್ಯಾಮಮ್ಮನ ನಾಲ್ಕನೇ ಹಂತ

ಬಸವಾಪಟ್ಟಣದ ದ್ಯಾಮಮ್ಮನಿಗೆ ಹೇಸಿಗೆ ಬಲು ಬೇಗ ಬರುತ್ತಿತ್ತು. ಬಾಯಿ ತುಂಬ ಗುಟ್ಕಾ ಇಟ್ಟುಕೊಂಡು ಮಾತಾಡುವವರನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಎಂಜಲು ಲೋಟವನ್ನು ಎರಡು ಬೆರಳಲ್ಲಿ ಎತ್ತುತ್ತಿದ್ದಳು. ಆದರೆ ಮೂವತ್ತು ವರ್ಷ ಹಸಿ ಅಡಿಕೆ ಸುಲಿದು ಕಪ್ಪಾದ ತನ್ನ ಬೆರಳುಗಳ ಬಗ್ಗೆ ಮಾತ್ರ ಅವಳಿಗೆ ಅಸಹ್ಯವಿರಲಿಲ್ಲ. ಅಡಿಕೆಯಿಂದ ಅಂಟುವ ಚೊಗರು ಕೊಳೆಯಲ್ಲ, ಕೆಲಸದ ಬಣ್ಣ ಎನ್ನುತ್ತಿದ್ದಳು.

ಅವಳ ಅಕ್ಕ ಹುಲಿಗೆಮ್ಮ ಅರವತ್ತು ತುಂಬುವ ಮೊದಲೇ ಹೆತ್ತ ಮಕ್ಕಳ ಹೆಸರು ಮರೆತಿದ್ದಳು. ಈಗ ದ್ಯಾಮಮ್ಮನಿಗೆ ಐವತ್ತೆಂಟು. ಒಮ್ಮೆ ಒಲೆಯ ಮೇಲೆ ಹಾಲಿಟ್ಟು ಮರೆತಾಗ ತನಗೂ ಅದೇ ಶುರುವಾಯಿತೆಂದು ಹೆದರಿದ್ದಳು. ಚನ್ನಗಿರಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಸುಚಿತ್ರಾ, ತಲೆಗೆ ಕೆಲಸವಿದ್ದರೆ ಒಳ್ಳೆಯದೆಂದು ಅಂಗೈಯಗಲದ ಚೆಸ್ ಯಂತ್ರವೊಂದನ್ನು ತಂದು, ಹದಿನೈದು ದಿನ ಜೊತೆಗೆ ಕೂತು ಆಟ ಕಲಿಸಿದಳು. ಯಂತ್ರಕ್ಕೆ ಎಂಟು ಹಂತ. ಒಂದನೆಯದು ಮಕ್ಕಳದು. ಸೆಲ್ ಬದಲಿಸಿದಾಗಲೆಲ್ಲ ಅದು ಒಂದಕ್ಕೇ ಇಳಿಯುತ್ತದೆ. ಗುಂಡಿ ಒತ್ತಿ ಏರಿಸಬೇಕು.

ದ್ಯಾಮಮ್ಮ ಸುಲಿಯುವ ಶೆಡ್ಡಿನಲ್ಲಿ, ಊಟದ ಬಿಡುವಿನಲ್ಲಿ ಆಡುತ್ತಿದ್ದಳು. ಮೂರನೇ ಹಂತದವರೆಗೂ ಗೆದ್ದಳು. ನಾಲ್ಕರಲ್ಲಿ ತಿಂಗಳುಗಟ್ಟಲೆ ಸೋತಳು. ನಾಲ್ಕನ್ನು ಗೆದ್ದರೆ ತನ್ನ ತಲೆ ಅಕ್ಕನ ತಲೆಯ ಹಾಗಲ್ಲ ಎಂದು ಮನಸ್ಸಿನಲ್ಲೇ ಹರಕೆಯಂತೆ ಇಟ್ಟುಕೊಂಡಿದ್ದಳು. ಸುಲಿತ ಜೋರಾಗಿದ್ದ ಕಾರ್ತಿಕದಲ್ಲಿ ಹೊಸ ಸೆಲ್ ಹಾಕಿ, ಎಣಿಸಿ ಮೂರು ಸಲ ಗುಂಡಿ ಒತ್ತಿ ಆಡಿದಳು. ಗೆದ್ದಳು. ಹನ್ನೊಂದು ದಿನ ಬಿಡದೆ ಗೆದ್ದಳು. ಶೆಡ್ಡಿನ ಹೆಂಗಸರಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಿದಳು.

ಹನ್ನೆರಡನೇ ದಿನ ಶೆಡ್ಡಿನ ಮೇಸ್ತ್ರಿ ಗುರುಬಸವರಾಜ್ ಯಂತ್ರವನ್ನು ಅವಳ ಕೈಯಿಂದ ಕಿತ್ತುಕೊಂಡ.

“ಮಿಷಿನ್ನೇ ನಿಂಗೆ ಹೆದರ್ತೈತಂತಲ್ಲ ಅಮ್ಮ. ನಾನೂ ನೋಡಾನ,” ಎನ್ನುವಾಗ ಅವನ ಬಾಯಿಂದ ಕೆಂಪು ಹನಿಯೊಂದು ಪರದೆಯ ಮೇಲೆ ಬಿತ್ತು.

ದ್ಯಾಮಮ್ಮ ಮುಖ ತಿರುಗಿಸಿದಳು. “ಬಾಯಿ ಮುಚ್ಕಣಾಕೂ ಬರಲ್ವೇನಪ್ಪ ನಿಂಗೆ? ನಿನ್ನ ಎಂಜಲು ನಾನು ತೊಳೀಬೇಕಾ?” ಎಂದು ಯಂತ್ರವನ್ನು ಅವನಿಂದ ಸೆರಗಿನ ತುದಿಯಲ್ಲಿ ಇಸಿದುಕೊಂಡು ಮನೆಗೊಯ್ದಳು.

ಸುಲಿಯುವವರು ಕೈಯ ಕಪ್ಪು ಬಿಡಿಸಲು ನಿಂಬೆಹೋಳು ಉಜ್ಜುತ್ತಾರೆ. ಅವಳು ಅದನ್ನೇ ಬಟ್ಟೆಗೆ ಹಿಂಡಿ ಪರದೆ ಒರೆಸಿದಳು. ಗುಟ್ಕಾ ಹನಿ ಒಂದೇ ಸಲಕ್ಕೆ ಹೋಯಿತು. ಬಟ್ಟೆ ಮಾತ್ರ ಕಪ್ಪಾಗುತ್ತಲೇ ಇತ್ತು. ಅವಳ ಹೆಬ್ಬೆರಳು ಊರುವ ಮೂಲೆಯಲ್ಲಿ ಚೊಗರು ಪದರಗಟ್ಟಿ ಒಣಗಿತ್ತು. ಅದು ಬಿಟ್ಟ ಜಾಗದಲ್ಲಿ ಹಂತ ತೋರಿಸುವ ಪುಟ್ಟ ಅಂಕಿ ಕಂಡಿತು: ಒಂದು.

ಗುಂಡಿ ಒತ್ತಿದಳು. ಅದು ಅಲುಗಲಿಲ್ಲ, ಅದೇ ಕಪ್ಪು ಅಂಟಿನಲ್ಲಿ ಹೂತುಹೋಗಿತ್ತು. ಹನ್ನೊಂದು ದಿನ ಗೆದ್ದದ್ದು ಮಕ್ಕಳ ಆಟ. ಮಂಡಕ್ಕಿ ಹಂಚಿದ್ದು ನೆನಪಾಗಿ, ಮೇಸ್ತ್ರಿಯ ಎಂಜಲಿಗೆ ಬಂದದ್ದಕ್ಕಿಂತ ದೊಡ್ಡ ಹೇಸಿಗೆ ಬಂತು. ಬಟ್ಟೆಯನ್ನು ತಿಪ್ಪೆಗೆ ಎಸೆದಳು.

ಸೂಜಿಯಿಂದ ಗುಂಡಿಯ ಸುತ್ತ ಕೆರೆದು, ನಾಲ್ಕಕ್ಕೆ ಏರಿಸಿ, ಅಂಕಿಯನ್ನು ಎರಡೆರಡು ಸಲ ನೋಡಿ ಆಡಿದಳು. ಯಂತ್ರ ಹದಿನಾರು ನಡೆಗಳಲ್ಲಿ ಅವಳ ರಾಜನನ್ನು ಕಟ್ಟಿಹಾಕಿತು.

ಸಂಜೆ ಸುಚಿತ್ರಾ ಬಂದಾಗ ಅವಳು ಬಚ್ಚಲಲ್ಲಿ ಕೈ ತಿಕ್ಕುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿ, ಸೋತ ಆಟದ ಹದಿನಾರು ನಡೆಗಳನ್ನೂ, ತನ್ನದು ಇದು, ಯಂತ್ರದ್ದು ಇದು ಎಂದು ಮೊದಲಿನಿಂದ ಒಪ್ಪಿಸಿದಳು. ಸುಚಿತ್ರಾ ಯಂತ್ರದಲ್ಲಿ ಉಳಿದಿದ್ದ ಆಟದೊಂದಿಗೆ ಒಂದೊಂದಾಗಿ ತಾಳೆ ನೋಡಿದಳು. ಒಂದೂ ತಪ್ಪಿರಲಿಲ್ಲ.

“ಏಳನೇದಕ್ಕೆ ಆನೆ ನಡೆಸಬಾರದಾಗಿತ್ತು. ಥೂ, ಎಂಥಾ ಗಲೀಜು ಆಟ,” ಎಂದಳು ದ್ಯಾಮಮ್ಮ.

ಮಗಳು ಯಾಕೆ ನಗುತ್ತಿದ್ದಾಳೆಂದು ತಿಳಿಯದೆ, ಮುಖ ಗಂಟಿಕ್ಕಿಕೊಂಡೇ ಇನ್ನೊಂದು ನಿಂಬೆಹೋಳು ಕೇಳಿದಳು.